ಶಂಭುವಿನ ಚಿರಸ್ಮೃತಿ ಪೆಟ್ಟಿಗೆ

"ಇನ್ನು ನೂರು ವರ್ಷ ಹೋದರೂ ನಿನ್ನ ಮಗಳ ಮದುವೆಯ ಒಂದು ಫೋಟೋನೂ ಹಾಳಾಗಲ್ಲ ಅಕ್ಕ!" ಎಂದು ನನ್ನ ತಮ್ಮ ಶಂಭುಲಿಂಗ ನಮ್ಮ ಟೀವಿ ಪಕ್ಕದಲ್ಲಿ ತಾನೇ ಮಾಡಿದ ಒಂದು ಪೆಟ್ಟಿಗೆ ಇಟ್ಟು ಎದೆ ಉಬ್ಬಿಸಿದ.

ಅದರ ಹೆಸರು ಚಿರಸ್ಮೃತಿ. ಮನೆಯವರ ಫೋಟೋ, ವಿಡಿಯೋ ಎಲ್ಲ ನುಂಗಿಕೊಂಡು ಕಾಪಾಡುವ ಸರ್ವರ್ ಅಂತೆ. ಅದರ ತಲೆಯ ಮೇಲೆ ಇನ್ನೊಂದು ಪುಟ್ಟ ಡಬ್ಬಿ, ನಾಡಿವೈದ್ಯ. ಅದು ಆಗಾಗ "ಇದ್ದೀಯಾ?" ಎಂದು ಕೇಳುತ್ತದೆ. ಸರ್ವರ್ "ಇದ್ದೀನಿ!" ಅನ್ನಬೇಕು. ಅನ್ನದಿದ್ದರೆ ಸತ್ತೇಹೋಯಿತೆಂದು ನಾಡಿವೈದ್ಯ ಅದನ್ನು ಆರಿಸಿ ಮತ್ತೆ ಹೊತ್ತಿಸುತ್ತದೆ. ಎರಡಕ್ಕೂ ಶಂಭುವಿನದೇ ಧ್ವನಿ. ನನಗೋ, ಒಬ್ಬ ಶಂಭುವನ್ನು ಸಹಿಸುವುದೇ ಕಷ್ಟ!

ಮಗಳು ಚಂದನಾಳ ಮದುವೆಯ ಫೋಟೋಗಳೆಲ್ಲ ಅದರ ಹೊಟ್ಟೆ ಸೇರಿದವು. ಫೋಟೋಗ್ರಾಫರ್ ತನ್ನ ಪ್ರತಿಯನ್ನು ಆಗಲೇ ಅಳಿಸಿದ್ದ. ಆಲ್ಬಮ್ಮಿಗೆ ಫೋಟೋ ಆರಿಸಲು ಬೀಗರು ಭಾನುವಾರ ಬರುವವರಿದ್ದರು.

ಶುಕ್ರವಾರ ಪೆಟ್ಟಿಗೆ ತಾನಾಗಿ ಆರಿ ತಾನಾಗಿ ಹೊತ್ತಿಕೊಂಡಿತು. ಸ್ವಲ್ಪ ಹೊತ್ತಿಗೆ ಮತ್ತೆ! ಶಂಭುವಿಗೆ ಫೋನ್ ಮಾಡಿದೆ.

"ನಿಮ್ಮನೆ ಕರೆಂಟೇ ಸರಿಯಿಲ್ಲ," ಎಂದು ಬಂದು ಪ್ಲಗ್ ಬದಲಿಸಿದ. ಮತ್ತೆ ಆರಿತು.

"ನಿನ್ನ ಮಿಕ್ಸಿ ಕಾರಣ!" ಎಂದ. ಆ ದಿನ ನಮಗೆ ಚಟ್ನಿ ಇಲ್ಲ. ಮತ್ತೆ ಆರಿತು.

"ಒಳಗೆ ಹಲ್ಲಿ ಸೇರಿದೆ!" ಎಂದು ಬಿಚ್ಚಿದ. ಹಲ್ಲಿ ಸಿಗಲಿಲ್ಲ, ಅವನದೇ ಸ್ಕ್ರೂಡ್ರೈವರ್ ಸಿಕ್ಕಿತು! ಕೊನೆಗೆ, ನಾಡಿವೈದ್ಯ ಬಿಡುವಿಲ್ಲದೆ ಕೇಳುತ್ತಲೇ ಇರುವಂತೆ ಮಾಡಿ ಹೋದ.

ಶನಿವಾರ ಚಂದನಾ ಫೋಟೋಗಳನ್ನು ಟೀವಿಯಲ್ಲಿ ತೆರೆದು ಚಿಟ್ಟನೆ ಚೀರಿದಳು.

ರಿಸೆಪ್ಷನ್ ಸ್ಟೇಜು. ಎಡಕ್ಕೊಂದು ಸಂಸಾರ, ಬಲಕ್ಕೊಂದು ಸಂಸಾರ. ನಡುವೆ ಬರೀ ಹೂವಿನ ಅಲಂಕಾರ! ಎಲ್ಲರೂ ಹಲ್ಲು ಕಿರಿಯುತ್ತ ಗಾಳಿಗೆ ಬೊಕೆ ಕೊಡುತ್ತಿದ್ದಾರೆ.

"ಜಾಗ ಉಳಿಸೋಕೆ ಒಂದೇ ಥರ ಇರೋದನ್ನ ತೆಗೆಯುತ್ತೆ ಅಕ್ಕ," ಎಂದು ಓಡಿಬಂದ ಶಂಭು ತಲೆ ಕೆರೆದುಕೊಂಡ. "ರೀಬೂಟ್ ಆದಾಗಲೆಲ್ಲ ಇನ್ನೊಂದು ಸುತ್ತು ಗುಡಿಸುತ್ತೆ. ಇವರಿಬ್ಬರದು ಎಲ್ಲಾ ಫೋಟೋದಲ್ಲೂ ಅದೇ ಬಟ್ಟೆ, ಅದೇ ನಗು. ಒಂದು ಸಾಕು ಅಂದ್ಕೊಂಡಿದೆ."

"ಮದುಮಕ್ಕಳಲ್ಲದೆ ಇನ್ಯಾರು ನಿಲ್ತಾರೋ ಸ್ಟೇಜ್ ಮೇಲೆ?"

"ಇದ್ದೀಯಾ?" ಎಂದಿತು ನಾಡಿವೈದ್ಯ. ಉತ್ತರವಿಲ್ಲ. ಪೆಟ್ಟಿಗೆ ಆರಿತು, ಹೊತ್ತಿತು. ಫೋಟೋಗಳಿಂದ ನಮ್ಮ ಯಜಮಾನರು ಮಾಯ! ಇನ್ನೊಮ್ಮೆ "ಇದ್ದೀಯಾ?" ಈ ಸಲ ನಾನೇ ಮಾಯ!

"ಅದು ಗುಡಿಸೋ ಕೆಲಸದಲ್ಲಿದೆ ಕಣೋ!" ಎಂದು ಕೂಗಿದೆ. "ನಾನು ಒಗ್ಗರಣೆ ಹಾಕ್ತಿರುವಾಗ ನಿಮ್ಮ ಭಾವ ನಡುಮನೆಯಿಂದ ಕರೆದರೆ ಓ ಅಂತೀನಾ? ಅಷ್ಟಕ್ಕೇ ನಾನು ಸತ್ತೆ ಅಂತ ಹೆಣ ಎತ್ತಿಬಿಡ್ತಾರಾ?"

ನಾಡಿವೈದ್ಯನನ್ನು ಕಿತ್ತು ಬಿಸಾಕಿದೆ. ರೀಬೂಟ್ ನಿಂತಿತು. ಹೋದವರು ಮಾತ್ರ ಬರಲಿಲ್ಲ. ಮದುಮಕ್ಕಳು ಉಳಿದಿದ್ದ ಒಂದೇ ಫೋಟೋದಲ್ಲಿ ಚಂದನಾ ಸೀನುತ್ತಿದ್ದಳು, ಅಳಿಯ ಕಣ್ಣು ಮುಚ್ಚಿದ್ದ. ಮಗಳು ಬಿಕ್ಕಿ ಬಿಕ್ಕಿ ಅತ್ತಳು.

ಭಾನುವಾರ ಬೀಗರು ಬಂದರು. ನಾನು ಜೀವ ಕೈಯಲ್ಲಿ ಹಿಡಿದು ಟೀವಿ ಹಾಕಿದೆ.

"ಅಯ್ಯೋ, ನನ್ನ ಸೀರೆ ಅಂಚು ಎಷ್ಟು ಚೆನ್ನಾಗಿ ಬಂದಿದೆ!" ಎಂದರು ಬೀಗಿತ್ತಿ.

"ನನಗೆ ಯಾರೂ ಅಡ್ಡ ಬಂದಿಲ್ಲ ನೋಡಿ!" ಎಂದರು ಅವರ ಅಣ್ಣ.

ಫೋಟೋ ಮೇಲೆ ಫೋಟೋ ಆರಿಸಿದರು. ಮದುಮಗಳೆಲ್ಲಿ ಎಂದು ಒಬ್ಬರೂ ಕೇಳಲಿಲ್ಲ. ಶಂಭು ನನ್ನ ಕಿವಿಯಲ್ಲಿ, "ನೋಡಿದ್ಯಾ ಅಕ್ಕ, ಯಾರೂ ನೋಡದೇ ಇರೋದನ್ನೇ ತೆಗೆದಿದೆ!" ಎಂದ. ಅವನ ಕೆನ್ನೆಗೆ ಬಾರಿಸಬೇಕೆನಿಸಿತು. ಬೀಗರ ಎದುರು ಚೆನ್ನಾಗಿರುವುದಿಲ್ಲವೆಂದು ಕಾಫಿ ತರಲು ಎದ್ದೆ.

ಆಲ್ಬಮ್ ಅಚ್ಚಾಗಿ ಬಂದಿದೆ. ಮುಖಪುಟದಲ್ಲಿ ಬೀಗಿತ್ತಿಯ ಅಣ್ಣ ನಗುತ್ತಿದ್ದಾರೆ. ಮದುಮಕ್ಕಳ ಹೆಸರನ್ನು ಅವರ ಕೆಳಗೆ ಹಾಕಿಸಿದ್ದೇವೆ.