ಎಡಗಾಲು ಪಾಸ್, ಬಲಗಾಲು ರಿಜೆಕ್ಟ್

ಕಾರಿಗೆ ಟೈರು ಕೊಳ್ಳುವ ಮುಂಚೆ ಅದನ್ನು ತನ್ನ ಕಾಲಿಗೇ ಹಾಕಿಕೊಂಡು ನಡೆದು ನೋಡಿದ ಮನುಷ್ಯ ಈ ಬೆಂಗಳೂರಿನಲ್ಲಿ ಯಾರಾದರೂ ಇದ್ದರೆ, ಅದು ನನ್ನ ಸೋದರಮಾವ ಒಬ್ಬರೇ! ನಂಬುವುದಿಲ್ಲವೇ? ಬೇಡ ಬಿಡಿ. ಕಣ್ಣಾರೆ ಕಂಡ ನನಗೇ ಒಂದೊಂದು ಸಲ ನಂಬಿಕೆ ಬರುವುದಿಲ್ಲ.

ಎಪ್ಪತ್ತರ ದಶಕದ ಮಾತು. ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಕಾರ್ಖಾನೆಯಲ್ಲಿ ಮಾವನದು ಇನ್ಸ್‌ಪೆಕ್ಷನ್ ಕೆಲಸ. ಬೇರೆಯವರು ಬೆವರು ಸುರಿಸಿ ಮಾಡಿದ ನಟ್ಟು ಬೋಲ್ಟುಗಳನ್ನು ಅಳೆದು ನೋಡಿ ‘ಪಾಸ್’ ಇಲ್ಲವೇ ‘ರಿಜೆಕ್ಟ್’ ಅನ್ನುವುದು. ಹಗಲೆಲ್ಲಾ ಹೀಗೆ ಅನ್ನುತ್ತಾ ಇದ್ದವರು ಸಂಜೆ ಮನೆಗೆ ಬಂದ ಕೂಡಲೇ ಸುಮ್ಮನಾಗುತ್ತಾರೆಯೇ? ಅಮ್ಮ ಮಾಡಿದ ಇಡ್ಲಿ ರಿಜೆಕ್ಟ್, ಒಂದು ಕಡೆ ದಪ್ಪ. ಗೋಡೆಯ ಕ್ಯಾಲೆಂಡರು ರಿಜೆಕ್ಟ್, ಮೊಳೆ ವಾರೆ. ನನ್ನನ್ನು ನೋಡಲು ಬಂದ ಗಂಡುಗಳಲ್ಲಿ ಮೊದಲ ಆರೂ ರಿಜೆಕ್ಟ್! ಏಳನೆಯವನನ್ನು ಮಾತ್ರ ಪಾಸ್ ಮಾಡಿದರು. ಹೇಗೆ ಅಂತೀರಿ? ಒಳಗೆ ಉಪ್ಪಿಟ್ಟು ಕಾಫಿ ನಡೆಯುತ್ತಿದ್ದಾಗ ಇವರು ಹೊರಗೆ ಹೋಗಿ, ಬಾಗಿಲ ಬಳಿ ಬಿಟ್ಟಿದ್ದ ಹುಡುಗನ ಬೂಟುಗಳನ್ನು ತಿರುಗಿಸಿ ನೋಡಿದರಂತೆ. “ಎರಡೂ ಹಿಮ್ಮಡಿ ಸಮವಾಗಿ ಸವೆದಿದೆ. ಹುಡುಗ ನೆಟ್ಟಗೆ ನಡೀತಾನೆ ಕಣೇ, ಒಪ್ಕೋ,” ಅಂದರು. ನಾನು ಒಪ್ಪಿಕೊಂಡೆ. ಬೂಟಿನ ಮೇಲೆ ನಿಂತ ಸಂಸಾರ ನಮ್ಮದು.

ಅಪ್ಪ ಹೋದ ಮೇಲೆ ಅಮ್ಮನೂ ನಾನೂ ಮದುವೆಯಾಗದ ಈ ಮಾವನ ಮನೆಗೇ ಬಂದುಬಿಟ್ಟಿದ್ದೆವು. ಹಾಗಾಗಿ ನನಗೆ ತವರು ಅಂದರೆ ಅದೇ. ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕಲ್ಲ! ದಾವಣಗೆರೆಯಲ್ಲಿ ಬ್ಯಾಂಕಿನ ಕೆಲಸದಲ್ಲಿದ್ದ ನನ್ನವರು ಏಳನೇ ತಿಂಗಳಿಗೆ ನನ್ನನ್ನು ತಂದು ಬಿಟ್ಟು ಹೋದರು. ಡಾಕ್ಟರಮ್ಮ ದಿನ ಲೆಕ್ಕ ಹಾಕಿ ಹೇಳಿದರು. ಮಾವ ಆ ದಿನವನ್ನು ಪಂಚಾಂಗದಲ್ಲಿ ಹುಡುಕಿದರು. ಹುಡುಕಿದವರ ಮುಖ ಕಪ್ಪಿಟ್ಟಿತು.

“ಆಶ್ಲೇಷ ಮಳೆ! ನಡು ಆಶ್ಲೇಷದಲ್ಲಿ ಬರ್ತಾ ಇದೆ ಕಣೇ ಮಗು! ನಮ್ಮ ಕಾರಿನ ಟೈರು ನೋಡಿದೀಯಾ? ನನ್ನ ತಲೆ ಥರ ಇದೆ!”

ಮಾವನ ತಲೆ ಪೂರಾ ಬೋಳು.

ಕಾರು ಯಾರದೋ ಕೈಯಿಂದ ಯಾರದೋ ಕೈಗೆ ದಾಟಿ ಕೊನೆಗೆ ಮಾವನ ಪಾಲಿಗೆ ಬಂದದ್ದು. ಅದರಲ್ಲಿ ನನ್ನನ್ನು ನರ್ಸಿಂಗ್ ಹೋಮಿಗೆ ಸೇರಿಸುವುದು ತನ್ನ ಹೊಣೆ ಎಂದು ಅವರು ತೀರ್ಮಾನಿಸಿದ್ದರು. ಇಲ್ಲಿ ಒಂದು ಸಣ್ಣ ವಿಷಯ ಹೇಳಬೇಕು. ಆ ನರ್ಸಿಂಗ್ ಹೋಮು ಇದ್ದದ್ದು ನಮ್ಮ ಮನೆಯಿಂದ ಮೂರೇ ರಸ್ತೆ ಆಚೆ!

“ಅಲ್ಲಾ ಅಣ್ಣ, ಮೂರು ರಸ್ತೆಗೆ ಟೈರ್ ಯಾಕೆ? ಮಾತಾಡ್ಕೊಂಡು ನಡ್ಕೊಂಡೇ ಹೋಗ್ಬಹುದು,” ಅಂದಳು ಅಮ್ಮ.

“ಇಳಿಜಾರಿದೆ,” ಅಂದರು ಮಾವ. ಅಷ್ಟೇ.

ಇಳಿಜಾರು ಇತ್ತು ನಿಜ. ಯಾವುದೋ ಪೈಪಿಗೆಂದು ಅಗೆದು, ಕೆಂಪುಮಣ್ಣು ಮುಚ್ಚಿ, ಮರೆತುಬಿಟ್ಟಿದ್ದ ರಸ್ತೆ. ಆದರೆ ಮಾವನ ತಲೆಯಲ್ಲಿದ್ದ ಇಳಿಜಾರು ಬೇರೆ. ಅದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದ ಕಥೆ. ನಾನು ಹುಟ್ಟಿದ ದಿನವೂ ಜೋರು ಮಳೆ. ಅಮ್ಮನನ್ನು ಜಟಕಾದಲ್ಲಿ ಆಸ್ಪತ್ರೆಗೆ ಕರೆದೊಯ್ಯುವಾಗ ಇಳಿಜಾರಿನಲ್ಲಿ ಕುದುರೆ ಮುಗ್ಗರಿಸಿ, ಚಕ್ರ ಜಾರಿ, ಜಟಕಾ ಚರಂಡಿಗೆ ವಾಲಿತು. ನಾನು ಅಲ್ಲೇ, ಕುದುರೆಗೆಂದು ಹಾಸಿದ್ದ ಹುಲ್ಲಿನ ಮೇಲೆ ಹುಟ್ಟಿದೆ! ಅಮ್ಮ ಇದನ್ನು ನೆಂಟರ ಮುಂದೆ ನಗುನಗುತ್ತಾ ಹೇಳುತ್ತಿದ್ದಳು. ಆವತ್ತು ಮುರಿದ ಅವಳ ಎಡ ಮೊಣಕೈ ಮತ್ತೆಂದೂ ಪೂರ್ತಿ ಮಡಚಲಿಲ್ಲ, ಅದನ್ನೂ ಎತ್ತಿ ತೋರಿಸಿ ನಗುತ್ತಿದ್ದಳು. ಜಟಕಾದವನ ಪಕ್ಕದಲ್ಲಿ ಕೂತಿದ್ದ ಮಾವ ಮಾತ್ರ ಈ ಕಥೆ ಶುರುವಾದರೆ ಎದ್ದು ಹಿತ್ತಲಿಗೆ ಹೋಗಿಬಿಡುತ್ತಿದ್ದರು.

ಸರಿ, ಟೈರಿನ ಬೇಟೆ ಶುರುವಾಯಿತು! ಮೊದಲು ಹಳೆಯ ಟೈರಿನ ಪರೀಕ್ಷೆ. ಒಂದು ಭಾನುವಾರ ಹನಿಯುವ ಮಳೆಯಲ್ಲಿ ಅಮ್ಮನನ್ನು ಕೂರಿಸಿಕೊಂಡು ಮೈಸೂರು ರಸ್ತೆಯಲ್ಲಿ ಕೆಂಗೇರಿಯ ತನಕ ಹೋಗಿ ಬಂದರು. ಬೆಳಿಗ್ಗೆ ತಿಂಡಿ ತಿಂದು ಹೊರಟವರು ಸಂಜೆ ಕಾಫಿಗೆ ಬಂದರು. ಸೈಕಲ್ಲುಗಳು ಇವರನ್ನು ಹಿಂದೆ ಹಾಕಿದವಂತೆ. ಒಬ್ಬ ಎತ್ತಿನಗಾಡಿಯವನು ಪಕ್ಕಕ್ಕೆ ಬಂದು ಮರುಕದಿಂದ, “ಕೆಟ್ಟೋಗೈತಾ ಸ್ವಾಮಿ? ತಳ್ಬೇಕಾ?” ಅಂದನಂತೆ.

“ಆದ್ರೆ ಎಲ್ಲೂ ಜಾರ್ಲಿಲ್ಲ!” ಅಂದರು ಮಾವ.

“ಓಡಿದ್ರೆ ತಾನೇ ಜಾರೋದು?” ಅಂದಳು ಅಮ್ಮ, ಸೊಂಟ ಹಿಡಿದುಕೊಂಡು.

ಆ ಮಾತು ನಾಟಿತೇನೋ, ಮರುದಿನದಿಂದ ಮಾವ ಟೈರಿನಂಗಡಿಯ ಬಾಷಾ ಸಾಬರ ಪ್ರಾಣ ಹಿಂಡತೊಡಗಿದರು. ಉದ್ದ ಗೆರೆಯ ಟೈರು, ಅಡ್ಡ ಗೆರೆಯದು, ಅಂಕುಡೊಂಕಿನದು, ಚೌಕ ಚೌಕದ ಉಬ್ಬಿನದು. ಎಲ್ಲಕ್ಕೂ ಕಾರ್ಖಾನೆಯ ಅಳತೆ ಉಪಕರಣ ಹಚ್ಚಿ ಗೆರೆಯ ಆಳ ನೋಡುವುದು, ಬರೆದುಕೊಳ್ಳುವುದು, ಏನೂ ಕೊಳ್ಳದೆ ಬರುವುದು. ರಾತ್ರಿ ಊಟಕ್ಕೆ ಕೂತಾಗ ನಮಗೆ ಪಾಠ.

“ಮಳೇಲಿ ನೀರಿಗೆ ಹೋಗೋಕೆ ದಾರಿ ಬೇಕು ಕಣೇ. ಗೆರೆ ಇರೋದು ಅದಕ್ಕೇ. ದಾರಿ ಕೊಡ್ಲಿಲ್ಲ ಅಂದ್ರೆ ನೀರು ಟೈರನ್ನೇ ಎತ್ತಿ ಆಡ್ಸುತ್ತೆ,” ಎಂದು ಅನ್ನವನ್ನು ಟೈರಿನಷ್ಟಗಲ ಹರಡಿ, ಬೆರಳಿನಿಂದ ಗೆರೆ ಎಳೆದು, ಸಾರು ಹೊಯ್ದು ತೋರಿಸುತ್ತಿದ್ದರು. ಉದ್ದ ಗೆರೆಯಲ್ಲಿ ಸಾರು ಚೆನ್ನಾಗಿ ಹರಿಯಿತು. ಅಂಕುಡೊಂಕು ಗೆರೆಯಲ್ಲಿ ನಿಂತಿತು. ಹರಿದ ಸಾರು ಎಲೆ ದಾಟಿ ಅಮ್ಮನ ಸೀರೆಗೆ ಬಂದ ದಿನ ಪಾಠ ನಿಂತಿತು.

ಆದರೆ ಅಳತೆಯಿಂದ ಹಿಡಿತ ಗೊತ್ತಾಗುತ್ತದೆಯೇ? ಇಲ್ಲವಲ್ಲ! ಆಗ ಮಾವನಿಗೆ ಹೊಳೆದದ್ದೇ ಚಪ್ಪಲಿ. ನಮ್ಮ ಬಸ್ ಸ್ಟಾಪಿನ ಹತ್ತಿರ ಕೂರುತ್ತಿದ್ದ ಮುನಿಯಪ್ಪ ಹಳೇ ಟೈರು ಕತ್ತರಿಸಿ ಗಟ್ಟಿಮುಟ್ಟಾದ ಚಪ್ಪಲಿ ಮಾಡಿಕೊಡುತ್ತಿದ್ದ. ಮಾವ ಬಾಷಾ ಸಾಬರ ಅಂಗಡಿಯಿಂದ ನಾಲ್ಕು ಜಾತಿಯ ಟೈರಿನ ತುಂಡು ತಂದು ಅವನ ಮುಂದೆ ಇಟ್ಟರು.

“ಇದ್ರಲ್ಲಿ ಎರಡು ಜೊತೆ ಮಾಡ್ಕೊಡಪ್ಪ. ನಾಲ್ಕು ಕಾಲಿಗೂ ಬೇರೆ ಬೇರೆ ಟೈರ್ ಇರ್ಬೇಕು.”

ಮುನಿಯಪ್ಪ ಕಣ್ಣು ಬಿಟ್ಟ. “ಜೊತೆ ಅಂದ್ಮೇಲೆ ಎರಡೂ ಒಂದೇ ಥರ ಇರ್ಬೇಕಲ್ವಾ ಸ್ವಾಮಿ?”

“ಒಂದೇ ಥರ ಇದ್ರೆ ಯಾವ ಕಾಲು ಗೆಲ್ತು ಅಂತ ಹೇಗಪ್ಪ ಗೊತ್ತಾಗೋದು?”

ಇನ್ನು ಪರೀಕ್ಷೆಯ ಮೈದಾನ. ಹಿತ್ತಲಿನಲ್ಲಿ ಬಟ್ಟೆ ಒಗೆಯುವ ಕಲ್ಲಿನ ಸುತ್ತ ಚಪ್ಪಡಿ ಹಾಸಿತ್ತು. ಹದಿನೈದು ದಿನ ಅದನ್ನು ಯಾರೂ ಉಜ್ಜಕೂಡದೆಂದು ಮಾವನ ಆಜ್ಞೆ ಹೊರಟಿತು. ಪಾಚಿ ಬೆಳೆಯಬೇಕಿತ್ತು! ಜಗತ್ತೆಲ್ಲಾ ಹಿತ್ತಲಲ್ಲಿ ತೊಂಡೆಕಾಯಿ ಬೆಳೆದರೆ ನಮ್ಮ ಮನೆಯಲ್ಲಿ ಪಾಚಿ ಬೆಳೆದೆವು. ಮಾವ ದಿನಾ ಬೆಳಿಗ್ಗೆ ಹೋಗಿ ನೀರು ಚಿಮುಕಿಸಿ, ಬೆರಳಿನಿಂದ ಸವರಿ, “ಬರ್ತಾ ಇದೆ, ಬರ್ತಾ ಇದೆ,” ಎಂದು ಸಂತೋಷಪಡುತ್ತಿದ್ದರು. ನನಗಂತೂ ಹಿತ್ತಲ ಬಾಗಿಲು ದಾಟಲು ಅಪ್ಪಣೆಯಿಲ್ಲ. ಹೊಸ್ತಿಲಿಗೆ ಅಡ್ಡಲಾಗಿ ಒಂದು ಬೆಂಚನ್ನೇ ಇಟ್ಟುಬಿಟ್ಟಿದ್ದರು.

ಆ ಭಾನುವಾರವನ್ನು ನಾನು ಮರೆಯುವ ಹಾಗಿಲ್ಲ! ಮಾವ ಪಂಚೆ ಎತ್ತಿಕಟ್ಟಿ, ಎಡಗಾಲಿಗೆ ಉದ್ದ ಗೆರೆಯ ಟೈರು, ಬಲಗಾಲಿಗೆ ಚೌಕದ ಟೈರು ತೊಟ್ಟು, ಪಾಚಿಯ ಮೇಲೆ ಇಳಿದರು. ಅಮ್ಮ ಮೇಲಿಂದ ಬಕೆಟ್ಟಿನಲ್ಲಿ ನೀರು ಸುರಿಯುತ್ತಿರಬೇಕು, ಅದು ಮಳೆ. ಪಕ್ಕದ ಮನೆಯವರು ಕಾಂಪೌಂಡಿನ ಮೇಲಿಂದ ಕತ್ತು ಚಾಚಿದರು. ಎಡಗಾಲು ಇಟ್ಟರು, ನಿಂತಿತು. ಬಲಗಾಲು ಇಟ್ಟರು...

ಧಡಾರ್!

ಬೆಂಚಿನ ಈಚೆ ನಾನು ಹೊಟ್ಟೆ ಹಿಡಿದುಕೊಂಡು “ಅಯ್ಯೋ ಮಾವಾ!” ಎಂದು ಕೂಗಿದೆ. ಅಮ್ಮ ಬಕೆಟ್ಟನ್ನು ಕೈಬಿಟ್ಟಳು. ನೆಲದ ಮೇಲೆ ಅಂಗಾತ ಬಿದ್ದಿದ್ದ ಮಾವ ಮಾತ್ರ, ಆಕಾಶ ನೋಡುತ್ತಾ, ಪರಮ ತೃಪ್ತಿಯಿಂದ ಘೋಷಿಸಿದರು:

“ಎಡಗಾಲು ಪಾಸ್! ಬಲಗಾಲು ರಿಜೆಕ್ಟ್!”

ಇನ್ನೆರಡು ಟೈರುಗಳಿಗೂ ನ್ಯಾಯ ಸಿಗಬೇಕಲ್ಲ! ಅವಕ್ಕೂ ಒಂದೊಂದು ಸಲ ಬಿದ್ದರು. ಕೊನೆಗೆ ಗೆದ್ದ ಉದ್ದ ಗೆರೆಯದೇ ಮತ್ತೊಂದು ತುಂಡಿನಲ್ಲಿ ಬಲಗಾಲಿಗೂ ಒಂದು ಮಾಡಿಸಿ, ಅದೇ ಜೊತೆ ಮೆಟ್ಟಿಕೊಂಡು ಅಂಗಡಿಗೆ ಹೋದರು. ಕಾಲನ್ನು ಮೇಜಿನ ಮೇಲಿಟ್ಟು, “ಬಾಷಾ ಸಾಬ್ರೇ, ಇಂಥದು ನಾಲ್ಕು ಹೊಸದು ಬೇಕು,” ಅಂದರು.

ಬಾಷಾ ಸಾಬರು ಕಾಲನ್ನೊಮ್ಮೆ, ಮಾವನನ್ನೊಮ್ಮೆ ನೋಡಿದರು. “ಅರೇ ಸಾರ್, ಟೈರ್ ತಗೊಳ್ಳೋಕೆ ಬಹಳ ಜನ ಬರ್ತಾರೆ. ಟೈರ್ ಹಾಕ್ಕೊಂಡು ಬಂದೋರು ನೀವೇ ಮೊದ್ಲು!”

ಹೊಸ ಟೈರುಗಳು ಬಂದವು. ಬಂದ ಕೂಡಲೇ ಕಾರಿಗೆ ಹಾಕಿಸಿದರು ಅಂದುಕೊಂಡಿರಾ? ನೀವಿನ್ನೂ ನಮ್ಮ ಮಾವನನ್ನು ಅರಿತಿಲ್ಲ. ಆಶ್ಲೇಷಕ್ಕೆಂದು ಆರಿಸಿದ ಟೈರು ಅದರ ಹಿಂದಿನ ಪುಷ್ಯ ಮಳೆಯಲ್ಲೇ ಸವೆಯಬಹುದೇ? ನಾಲ್ಕನ್ನೂ ಅಮ್ಮನ ಹಳೇ ಸೀರೆಯಲ್ಲಿ ಸುತ್ತಿ ನಡುಮನೆಯಲ್ಲಿ ಇಟ್ಟರು. ಬಂದವರು ಸೋಫಾ ಎಂದುಕೊಂಡು ಕೂರುತ್ತಿದ್ದರು. ಆಶ್ಲೇಷ ಹುಟ್ಟಲು ಎರಡು ದಿನ ಇದೆ ಎನ್ನುವಾಗ ಮಾವ ರಜೆ ಹಾಕಿ, ಬೆಳಿಗ್ಗೆಯೇ ಕಾರನ್ನು ಇಟ್ಟಿಗೆಗಳ ಮೇಲೆ ನಿಲ್ಲಿಸಿ, ನಾಲ್ಕೂ ಚಕ್ರ ಬಿಚ್ಚಿ, ಹೊಸ ಟೈರುಗಳ ಸಮೇತ ಬಾಷಾ ಸಾಬರ ಅಂಗಡಿಗೆ ಸಾಗಿಸಿದರು. “ಸಂಜೆ ಕೊಡ್ತೀನಿ ಸಾರ್,” ಅಂದರಂತೆ ಅವರು.

ಮಧ್ಯಾಹ್ನ ಮೂರಕ್ಕೆ ನನಗೆ ನೋವು ಕಾಣಿಸಿಕೊಂಡಿತು!

ಮೂರೂ ಹತ್ತಕ್ಕೆ ಮಳೆ. ಎಂಥ ಮಳೆ! ಎದುರು ಮನೆ ಕಾಣಿಸದಂಥ ಮಳೆ. ಅಂಗಳದಲ್ಲಿ ಕಾರು ಒಂದೂ ಚಕ್ರವಿಲ್ಲದೆ ಇಟ್ಟಿಗೆಯ ಮೇಲೆ ಕೂತಿತ್ತು. ಆಟೋ ಹುಡುಕಲು ಮುಖ್ಯರಸ್ತೆಗೆ ಓಡಿದ ಮಾವ ತೊಪ್ಪೆಯಾಗಿ, ಬರಿಗೈಯಲ್ಲಿ ಬಂದರು. ಹಾಗೆಯೇ ಆ ಇಟ್ಟಿಗೆಗಳನ್ನು ನೋಡುತ್ತಾ ನಿಂತುಬಿಟ್ಟರು. ಮಾವ ಹಾಗೆ ನಿಂತದ್ದನ್ನು ಕಂಡು ನನಗೆ ನೋವಿಗಿಂತ ಹೆಚ್ಚು ಭಯವಾಯಿತು.

“ಮಾವ, ಮೂರೇ ರಸ್ತೆ. ನಡ್ಕೊಂಡು ಹೋಗೋಣ,” ಅಂದೆ.

“ಇಳಿಜಾರು ಕಣೇ...”

“ಟೈರ್ ಇದೆಯಲ್ಲ ಮಾವ!” ನಾನು ಅವರ ಕಾಲು ತೋರಿಸಿದೆ.

ಮಾವ ತಮ್ಮ ಕಾಲು ನೋಡಿಕೊಂಡರು. ತಟ್ಟನೆ ಕುಕ್ಕುರುಗಾಲಲ್ಲಿ ಕೂತು, ಊದಿಕೊಂಡಿದ್ದ ನನ್ನ ಪಾದಗಳಿಗೆ ಆ ಚಪ್ಪಲಿ ತೊಡಿಸಿದರು. ದೊಡ್ಡದಾಗಿತ್ತು. ಪಂಚೆಯ ಅಂಚು ಹರಿದು ಕಟ್ಟಿ ಬಿಗಿದರು.

“ಮತ್ತೆ ನಿಮಗೆ?”

“ನಂದು ಸವೆದ ಟೈರು. ಹೇಗೋ ಓಡುತ್ತೆ. ನಡಿ.”

ಒಂದು ಕಡೆ ಅಮ್ಮ, ಒಂದು ಕಡೆ ಕೊಡೆ ಹಿಡಿದ ಮಾವ, ನಡುವೆ ನಾನು. ಆ ಇಳಿಜಾರಿನಲ್ಲಿ ಕೆಂಪು ನೀರು ಹೊಳೆಯಾಗಿ ಹರಿಯುತ್ತಿತ್ತು. “ನಿಧಾನ, ನಿಧಾನ. ಯಾರೂ ಅಟ್ಟಿಸ್ಕೊಂಡು ಬರ್ತಿಲ್ಲ,” ಎಂದು ಮಾವ ಹೆಜ್ಜೆ ಹೆಜ್ಜೆಗೂ ಹೇಳುತ್ತಿದ್ದರು. ಬರಿಗಾಲಿನ ಅವರು ಎರಡು ಸಲ ಬಿದ್ದರು. ಬೀಳುವ ಮುಂಚೆ ಎರಡು ಸಲವೂ ನನ್ನ ತೋಳು ಬಿಟ್ಟರು, ಕೊಡೆಯನ್ನು ಮಾತ್ರ ನನ್ನ ತಲೆಯ ಮೇಲೆಯೇ ಎತ್ತಿ ಹಿಡಿದಿದ್ದರು. ನಾನು? ಒಂದೇ ಒಂದು ಸಲವೂ ಜಾರಲಿಲ್ಲ! ಕಾಲಿಟ್ಟಲ್ಲಿ ನೀರು ಗೆರೆಯಲ್ಲಿ ಸರಿದು ಹೋಗುವುದು, ರಬ್ಬರು ನೆಲವನ್ನು ಕಚ್ಚುವುದು ನನ್ನ ಅಂಗಾಲಿಗೆ ತಿಳಿಯುತ್ತಿತ್ತು.

ಆರು ಗಂಟೆಗೆ ಮಗಳು ಹುಟ್ಟಿದಳು. ಹಾಸಿಗೆಯ ಮೇಲೆ, ಡಾಕ್ಟರಮ್ಮನ ಕೈಯಲ್ಲಿ, ಎಲ್ಲರ ಹಾಗೆ.

ಒಳಗೆ ಬಿಟ್ಟಾಗ ಮಾವನ ಮೈಯೆಲ್ಲಾ ಕೆಸರು, ಮೊಣಕಾಲಲ್ಲಿ ರಕ್ತ. ಮಗುವಿನ ಕಡೆ ನೋಡಲೇ ಇಲ್ಲ. ಮಂಚದ ಕೆಳಗಿದ್ದ ಚಪ್ಪಲಿಗಳನ್ನೇ ನೋಡುತ್ತಾ ನಿಂತರು.

“ಅವತ್ತು ಜಟಕಾದವನು ನಿಧಾನವಾಗೇ ಹೊಡೀತಿದ್ದ,” ಅಂದರು. “ಬೇಗ ಹೊಡಿ, ಬೇಗ ಹೊಡಿ ಅಂತ ಕೂಗಿದ್ದು ನಾನು. ಅವನು ಚಾವಟಿ ಬೀಸಿದ. ಇಷ್ಟು ವರ್ಷ ಬಾಯಿ ಬಿಡಕ್ಕೆ ಆಗ್ಲಿಲ್ಲ.”

ಅಮ್ಮ ಎದ್ದು ಹೋಗಿ, ಮಡಚಲಾಗದ ಆ ಎಡಗೈಯನ್ನೇ ಚಾಚಿ ಅಣ್ಣನ ಬೆನ್ನ ಮೇಲೆ ಇಟ್ಟಳು.

“ನಿನಗೆ ಹೇಳ್ದೋಳು ನಾನು ಕಣಣ್ಣ. ನೋವು ತಡೀಲಾರದೆ ‘ಅಣ್ಣಾ, ಬೇಗ ಹೊಡೆಯೋಕೆ ಹೇಳೋ’ ಅಂತ ಒಳಗಿಂದ ಕಿರುಚ್ತಿದ್ದೆ. ನಿಂಗೆ ಅದು ನೆನಪೇ ಇಲ್ವಾ?”

ಮಾವನಿಗೆ ನೆನಪಿರಲಿಲ್ಲ. ಇಷ್ಟು ವರ್ಷ ತಮ್ಮ ಕೂಗೊಂದನ್ನೇ ಕಿವಿಯಲ್ಲಿ ಇಟ್ಟುಕೊಂಡಿದ್ದರು. ನಿಂತಲ್ಲೇ, ಮಗುವಿಗಿಂತ ಜೋರಾಗಿ ಅತ್ತುಬಿಟ್ಟರು. ನಾನೂ ಅತ್ತೆ.

ಆಮೇಲೆ ಕಣ್ಣೊರೆಸಿಕೊಂಡು ಮಗುವಿನ ಬಳಿ ಬಂದರು. ಮುಖ ನೋಡಲಿಲ್ಲ, ಮೂಗು ಯಾರದೆಂದು ಕೇಳಲಿಲ್ಲ. ಮೆಲ್ಲನೆ ಬಟ್ಟೆ ಸರಿಸಿ, ಎರಡು ಪುಟ್ಟ ಅಂಗಾಲುಗಳನ್ನು ಬೆಳಕಿಗೆ ಹಿಡಿದು, ಅವುಗಳ ಸಣ್ಣ ಸಣ್ಣ ಗೆರೆಗಳ ಮೇಲೆ ಹೆಬ್ಬೆರಳು ಆಡಿಸಿದರು.

“ಎರಡೂ ಪಾಸ್,” ಅಂದರು.

ಮಾವ ಅಳೆಯದೆ, ಬಿದ್ದು ನೋಡದೆ ಪಾಸ್ ಮಾಡಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.