ಮುಸುಕು ಸರಿಸದವಳ ಪರವಾಗಿ ದಿವಂಗತ ಚಿತ್ರಕಾರರಿಗೆ ಒಂದು ದೂರು

ಮಾನ್ಯರೇ,

ತಾವು ತೀರಿಕೊಂಡು ನೂರಿಪ್ಪತ್ತು ವರ್ಷಗಳಾದ ಮೇಲೆ ತಮ್ಮ ಕ್ಷೇಮ ವಿಚಾರಿಸುವುದು ಅಷ್ಟು ಉಚಿತವಲ್ಲವೆಂದು ಬಲ್ಲೆನಾದರೂ, ಕಾಗದ ಬರೆಯುವವನು ಮೊದಲು ಕ್ಷೇಮ ಕೇಳಬೇಕೆಂದು ನನಗೆ ಕಲಿಸಿದವರು ನನ್ನ ಸೋದರತ್ತೆಯಾದ್ದರಿಂದಲೂ, ಈ ದೂರು ಹುಟ್ಟಿದ್ದೇ ಅವರಿಂದಾದ್ದರಿಂದಲೂ, ತಾವು ಎಲ್ಲಿದ್ದೀರೋ ಅಲ್ಲಿ ಸುಖವಾಗಿದ್ದೀರೆಂದು ನಂಬಿ ಮುಂದುವರಿಯುತ್ತೇನೆ. ನಾನು ಇಲ್ಲಿನ ವಸ್ತುಸಂಗ್ರಹಾಲಯದಲ್ಲಿ ಚಿತ್ರಗಳ ಕೆಳಗಿನ ವಿವರಣೆಯ ಫಲಕಗಳನ್ನು ಬರೆಯುವವನು. ಬಂದವರು ಚಿತ್ರಕ್ಕಿಂತ ಹೆಚ್ಚು ಹೊತ್ತು ನನ್ನ ಫಲಕವನ್ನೇ ನೋಡುತ್ತಾರೆಂಬ ಜಂಬ ನನಗೆ ಇಪ್ಪತ್ತಾರು ವರ್ಷಗಳಿಂದ ಇತ್ತು.

ತಾವು ಕಡಲಾಚೆಯಿಂದ ಬಂದು ಈ ಊರಿನಲ್ಲಿ ಹನ್ನೊಂದು ದಿನ ತಂಗಿದ್ದು, ಅದರಲ್ಲಿ ನಾಲ್ಕು ದಿನ ಹೊಟ್ಟೆ ಕೆಟ್ಟು ಮಲಗಿದ್ದು, ಉಳಿದ ಏಳೇ ದಿನಗಳಲ್ಲಿ ಇಲ್ಲಿನ ಸಮಸ್ತ ಹೆಂಗಸರ ಅಂತರಂಗವನ್ನು ಅರೆದು ಕುಡಿದು ಮುನ್ನೂರು ಪುಟಗಳ ಪ್ರವಾಸಕಥನ ಬರೆದದ್ದನ್ನು ನೆನೆದಾಗಲೆಲ್ಲ ನನಗೆ ಕೈ ಮುಗಿಯಬೇಕೆನಿಸುತ್ತದೆ. ನಾನಾದರೋ ಒಬ್ಬಳೇ ಹೆಂಡತಿಯೊಡನೆ ಇಪ್ಪತ್ತೆರಡು ವರ್ಷ ಸಂಸಾರ ಮಾಡಿಯೂ ಅವಳ ಟೀಗೆ ಎಷ್ಟು ಸಕ್ಕರೆ ಎಂದು ಇವತ್ತಿಗೂ ಕೇಳಬೇಕಾದ ದಡ್ಡ. ತಮ್ಮ ಪುಸ್ತಕದಲ್ಲಿ ತಮ್ಮ ಹೇಸರಗತ್ತೆಯ ಹೆಸರು, ವಯಸ್ಸು, ಸ್ವಭಾವಕ್ಕೆ ಅರ್ಧ ಪುಟ ಮೀಸಲಾಗಿದೆ. ನಮ್ಮ ಎರಡನೆಯ ಕೋಣೆಯಲ್ಲಿ ತೂಗುತ್ತಿರುವ ತಮ್ಮ ಪ್ರಸಿದ್ಧ ತೈಲಚಿತ್ರದ ಹೆಂಗಸಿಗೆ ಮಾತ್ರ ಹೆಸರಿಲ್ಲ. ಬಾಗಿಲಲ್ಲಿ ನಿಂತು ಎರಡೂ ನೀಲಿ ಕೈಗಳಿಂದ ತೆಳು ಬಟ್ಟೆಯೊಂದನ್ನು ಮುಖದ ಮುಂದಿನಿಂದ ಮೇಲೆತ್ತಿರುವ ಆಕೆಯನ್ನು ತಾವು 'ಪ್ರಿಯಕರನಿಗಾಗಿ ಮುಸುಕು ಸರಿಸುತ್ತಿರುವ ಪರದೇಶದ ಚೆಲುವೆ' ಎಂದು ಕರೆದು ಮುಂದಿನ ಊರಿಗೆ ಹೊರಟಿರಿ.

ತಮ್ಮ ಆ ಸಾಲನ್ನು ನಾನು ಚಾಚೂ ತಪ್ಪದೆ ಫಲಕಕ್ಕೆ ಇಳಿಸಿಕೊಂಡೆ. ಅಷ್ಟಕ್ಕೇ ಸುಮ್ಮನಿದ್ದರೆ ನಾನು ಬರಿಯ ನಕಲುಗಾರನಾಗಿ ಉಳಿಯುತ್ತಿದ್ದೆ. ಆದರೆ ಆಕೆಯ ಅರೆಮುಚ್ಚಿದ ಕಣ್ಣುಗಳನ್ನು ಕಂಡು ತಡೆಯಲಾರದೆ 'ಕಂಗಳಲ್ಲಿ ವಿರಹದ ನೋವು' ಎಂದು ನನ್ನ ಕೈಯಿಂದಲೂ ಒಂದಿಷ್ಟು ಸೇರಿಸಿದೆ. ತಾವು ಕೂಡ ಹೇಳದಿದ್ದ ವಿರಹವನ್ನು ಆಕೆಗೆ ಅಂಟಿಸಿದ ಕೀರ್ತಿ ಪೂರ್ತಿ ನನ್ನದು.

ಹೋದ ತಿಂಗಳು ಆ ಕೋಣೆಗೆ ಹೊಸ ದೀಪಗಳನ್ನು ಹಾಕಿಸಿ ಸಿಬ್ಬಂದಿಯ ಮನೆಯವರನ್ನೆಲ್ಲ ಕರೆದಿದ್ದರು. ನನ್ನ ಬರವಣಿಗೆಯನ್ನು ತೋರಿಸಿ ಶಭಾಸ್ ಅನ್ನಿಸಿಕೊಳ್ಳುವ ಆಸೆಯಿಂದ ನಾನು ಅತ್ತೆಯನ್ನು ಕರೆದೊಯ್ದೆ. ನನ್ನನ್ನು ಸಾಕಿ ಓದಿಸಿದ ಈ ಅತ್ತೆ, ನಮ್ಮ ಸಂಗ್ರಹಾಲಯದ ಹಿಂದಿನ ಬೀದಿಯ ಬಣ್ಣದ ಕಾರ್ಖಾನೆಯಲ್ಲಿ ಮೂವತ್ತನಾಲ್ಕು ವರ್ಷ ಬಟ್ಟೆಗೆ ನೀಲಿ ಹಾಕಿದವರು. ಅವರು ಫಲಕದ ಮೇಲೆ ಬೆರಳಿಟ್ಟು, ಎಲ್ಲರಿಗೂ ಕೇಳುವಂತೆ ನಿಧಾನವಾಗಿ ಓದಿ, "ಪರದೇಶ ಅಂದ್ರೆ ಯಾವುದೋ? ಇದು ನಮ್ಮ ಕಾರ್ಖಾನೆ ಬಾಗಿಲಲ್ವಾ?" ಎಂದು ಕೇಳಿದರು. ಆಮೇಲೆ ಚಿತ್ರದ ಹತ್ತಿರ ಹೋಗಿ, "ಮುಸುಕಲ್ಲ ಕಣೋ ಇದು. ಈಗಷ್ಟೇ ತೊಟ್ಟಿಯಿಂದ ಎತ್ತಿದ ಬಟ್ಟೆ. ಮೇಲೆ ನೀಲಿ ತಿರುಗಿದೆ, ಕೆಳಗಿನ ಅಂಚು ಇನ್ನೂ ಹಸಿರಾಗೇ ಇದೆ ನೋಡು. ಗಾಳಿಗೆ ಹಿಡಿದಿದಾಳೆ ಅಷ್ಟೇ. ಕಣ್ಣು ಮುಚ್ಚಿರೋದು ತೊಟ್ಟಿ ನಾತಕ್ಕೆ" ಎಂದರು.

ಮಾನ್ಯರೇ, ನೀಲಿಯ ತೊಟ್ಟಿಯಿಂದ ಬಟ್ಟೆ ಹಸಿರಾಗಿ ಹೊರಬಂದು ಗಾಳಿ ತಾಗಿದ ಹಾಗೆ ನೀಲಿಯಾಗುತ್ತದೆಂದೂ, ಮಡಿಕೆ ಬಿದ್ದರೆ ಕಲೆ ನಿಲ್ಲುವುದರಿಂದ ಅದನ್ನು ಎರಡೂ ಕೈಯಲ್ಲಿ ಹರವಿ ಎತ್ತಿ ಹಿಡಿಯಬೇಕೆಂದೂ ತಮಗೆ ಗೊತ್ತಿರಲಿಲ್ಲ. ಆದರೂ ಆ ಹಸಿರು ಅಂಚನ್ನು ತಾವು ಕಂಡ ಹಾಗೆಯೇ ಬರೆದಿದ್ದೀರಿ. ನಾನು ಇಪ್ಪತ್ತಾರು ವರ್ಷ ದಿನಕ್ಕೆ ನಾಲ್ಕು ಸಲ ಅದರ ಮುಂದೆ ಓಡಾಡಿಯೂ ಅದನ್ನು ನೋಡಿರಲಿಲ್ಲ.

ಅಲ್ಲಿದ್ದವರೆಲ್ಲ ನಕ್ಕರು. ಅತ್ತೆ ನಗಲಿಲ್ಲ. "ಮೂವತ್ನಾಲ್ಕು ವರ್ಷ ನಾನೂ ಹೀಗೇ ಕೈ ಎತ್ತಿ ನಿಂತಿದ್ದೆ. ನಾನೂ ಯಾರನ್ನೋ ಕರೀತಿದ್ದೆ ಅಂತ ಬರೀತೀಯಾ? ಈ ಹಲಗೆ ಇಳಿಯೋವರೆಗೂ ನಿನ್ನ ಮನೆ ಹೊಸಲು ತುಳಿಯಲ್ಲ" ಎಂದು ಹೊರಟುಹೋದರು. ಅಂದಿನಿಂದ ಪ್ರತಿ ಭಾನುವಾರ ನಮ್ಮ ಊಟದ ಮೇಜಿನಲ್ಲಿ ಒಂದು ಕುರ್ಚಿ ಖಾಲಿ. ಅವರಿಲ್ಲದೆ ನನಗೆ ತುತ್ತು ಇಳಿಯುವುದಿಲ್ಲವೆಂಬುದನ್ನು ಯಾವ ಅಲಂಕಾರವೂ ಇಲ್ಲದೆ ತಮ್ಮಲ್ಲಿ ನಿವೇದಿಸಿಕೊಳ್ಳುತ್ತೇನೆ.

ಫಲಕ ಬದಲಿಸಲು ಅನುಮತಿ ಕೇಳಿದಾಗ ನಮ್ಮ ನಿರ್ದೇಶಕರು, ಮೂಲ ಚಿತ್ರಕಾರರೇ ಹಾಗೆ ಬರೆದಿರುವಾಗ ಅವರ ಲಿಖಿತ ಒಪ್ಪಿಗೆಯಿಲ್ಲದೆ ತಿದ್ದಲಾಗದೆಂದು ಟಿಪ್ಪಣಿ ಹಾಕಿದರು. ಆದಕಾರಣ ತಾವು ದಯವಿಟ್ಟು ಒಪ್ಪಿಗೆ ಪತ್ರವೊಂದನ್ನು ಮರುಟಪಾಲಿನಲ್ಲಿ ಕಳುಹಿಸಬೇಕು. ಅದು ಆಗದಿದ್ದಲ್ಲಿ ಸ್ವತಃ ಬಂದು ಒಂದು ಒದ್ದೆ ಬಟ್ಟೆಯನ್ನು ಎತ್ತಿ ಹಿಡಿದು ಅರ್ಧ ದಿನ ನಿಲ್ಲಬೇಕು. ಅದೂ ಕಷ್ಟವೆನಿಸಿದರೆ ಆಕೆಯ ಕೈಗಳನ್ನಾದರೂ ಕೆಳಗಿಳಿಸಬೇಕು, ಏಕೆಂದರೆ ನೂರನಲವತ್ತು ವರ್ಷಗಳಿಂದ ಎತ್ತಿದ ಕೈ ಇಳಿಸದೆ ಆಕೆಯ ಭುಜಗಳು ಎಷ್ಟು ನೋಯುತ್ತಿರಬೇಕೋ ನಾನರಿಯೆ.

ತಮ್ಮ ಉತ್ತರಕ್ಕೆ ಕಾಯುವಷ್ಟು ತಾಳ್ಮೆ ಇಲ್ಲದೆ, ಮೊನ್ನೆ ರಜೆಯ ದಿನ ನಾನೇ ತಿರುಪು ಬಿಚ್ಚಿ ಹಳೆಯ ಫಲಕ ಕಿತ್ತು, 'ನೀಲಿಯ ತೊಟ್ಟಿಯಿಂದ ಎತ್ತಿದ ಬಟ್ಟೆಯನ್ನು ಗಾಳಿಗೆ ಹಿಡಿದಿರುವ ಕೆಲಸಗಾರ್ತಿ. ಹೆಸರನ್ನು ಯಾರೂ ಕೇಳಲಿಲ್ಲ' ಎಂಬ ಹೊಸದನ್ನು ಹಾಕಿದೆ. ನಿರ್ದೇಶಕರು ಕಾರಣ ಕೇಳಿ ನೋಟಿಸ್ ಕೊಟ್ಟಿದ್ದಾರೆ. ನಾನು ಮಾತ್ರ ಯುದ್ಧ ಗೆದ್ದವನ ಠೀವಿಯಿಂದ ಹಳೆಯ ಫಲಕವನ್ನು ಕಂಕುಳಲ್ಲಿ ಇರುಕಿಕೊಂಡು ಅತ್ತೆಯ ಮನೆಗೆ ಹೋದೆ.

ಅತ್ತೆ ಎಲ್ಲವನ್ನೂ ಕೇಳಿಸಿಕೊಂಡು, ಗೋಡೆಯಿಂದ ನನ್ನ ಮದುವೆಯ ಫೋಟೋ ಇಳಿಸಿ ನನ್ನ ಮುಂದಿಟ್ಟರು. ಸುಡುಬೇಸಿಗೆಯ ಆ ಫೋಟೋದಲ್ಲಿ ಎಲ್ಲರೂ ಬೆವರುತ್ತಿದ್ದರೆ ಅತ್ತೆಯೊಬ್ಬರು ದಪ್ಪ ಶಾಲು ಹೊದ್ದು ಎರಡೂ ಕೈಗಳನ್ನು ಅದರೊಳಗೆ ಇಟ್ಟುಕೊಂಡಿದ್ದಾರೆ. ನೀಲಿ ಕೈ ನೋಡಿ ಹೆಣ್ಣಿನ ಕಡೆಯವರು ಏನೆಂದುಕೊಂಡಾರೋ ಎಂದು ಹಾಗೆ ಮಾಡಿಸಿದವನು ನಾನೇ. "ಅವನಾದ್ರೂ ಆ ಕೈ ಬರೆದ ಕಣೋ," ಎಂದರು ಅತ್ತೆ. "ಭಾಷೆ ಬರ್ತಿರ್ಲಿಲ್ಲ, ತಪ್ಪು ತಿಳ್ಕೊಂಡ. ನಿನಗೆ ಭಾಷೆ ಬರ್ತಿತ್ತಲ್ಲ."

ಆದ್ದರಿಂದ ಮಾನ್ಯರೇ, ಈ ದೂರನ್ನು ನಾನು ಹಿಂದಕ್ಕೆ ಪಡೆಯುತ್ತಿಲ್ಲ. ಆರೋಪಿಗಳ ಪಟ್ಟಿಯಲ್ಲಿ ತಮ್ಮನ್ನು ಎರಡನೆಯ ಸ್ಥಾನಕ್ಕೆ ಇಳಿಸಿದ್ದೇನೆಂದು ತಿಳಿಸಲು ವಿಷಾದಿಸುತ್ತೇನೆ.

ಇಷ್ಟಾದ ಮೇಲೂ ತಮ್ಮ ವಿಶ್ವಾಸಿ,
ಫಲಕ ಬರೆಯುವವನು

ತಾ.ಕ.: ಅತ್ತೆ ತಮ್ಮನ್ನು ಕ್ಷಮಿಸಿದ್ದಾರೆ. ಸತ್ತವರ ಮೇಲೆ ಸಿಟ್ಟು ಇಟ್ಟುಕೊಂಡು ಏನು ಮಾಡುವುದು ಎಂದರು. ಬದುಕಿರುವವನ ವಿಷಯವನ್ನು ಇನ್ನೂ ಯೋಚಿಸುತ್ತಿದ್ದಾರಂತೆ.