ಕೆಂಪಿ ನಾಯಿಗೆ ನಾನು ಮನೆ ನೋಡಿದ್ದು

ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕಬ್ಯಾಡಿ. ನಿಮ್ಮ ಮನೆ ನೋಡಿ ಯಾರಾದ್ರೂ ಒಂದು ನಾಯಿನ ಕೊಡ್ತಾರಾ? ಎದೆ ಮುಟ್ಕಂಡು ಹೇಳಿ!

ಯಾಕೆ ಕೇಳ್ದೆ ಅಂದ್ರೆ, ನನ್ನ ಮೊಮ್ಮಗಳು ಬೀದೀಲಿ ಸಿಕ್ಕಿದ ನಾಯಿ ಒಂದನ್ನ ಸಾಕ್ತೀನಿ ಅಂತ ಯಾರಿಗೋ ಅರ್ಜಿ ಹಾಕವ್ಳೆ. ಆ ಅರ್ಜೀಲಿ ಒಂದು ಪ್ರಶ್ನೆ ಐತೆ. "ಮನೆಯಲ್ಲಿ ವಯಸ್ಸಾದವರು ಇದ್ದಾರೆಯೇ? ಅವರ ಸ್ವಭಾವ ಎಂಥದು?" ನನ್ನ ಸ್ವಭಾವ! ತೊಂಬತ್ತು ವರ್ಷ ಆಯ್ತು, ನನ್ನ ಸೊಸೇರಿಗೇ ಇದನ್ನ ಬಾಯಿಬುಟ್ಟು ಕೇಳೋ ಧೈರ್ಯ ಬಂದಿಲ್ಲ. ನಾಯಿ ಕೊಡೋರು ಕೇಳ್ತಾರೆ! ಮೊಮ್ಮಗಳು ಏನು ಬರೆದ್ಲು ಗೊತ್ತಾ? "ಶಾಂತ ಸ್ವಭಾವ." ಅದನ್ನ ಓದಿದ ಮೇಲಂತೂ ನಂಗೆ ಸಿಟ್ಟು ನೆತ್ತಿಗೇರ್ತು. ಸುಳ್ಳು ಹೇಳಿ ನಾಯಿ ಸಂಬಂಧ ಕುದುರಿಸಿದ್ರೆ ಏನಾಯ್ತದೆ ಅಂತ ಅವ್ಳಿಗೇನು ಗೊತ್ತು? ನಂಗೆ ಗೊತ್ತು! ಫೋನಲ್ಲಿ ಟೈಪ್ ಮಾಡೋದು ಹೋದ ತಿಂಗಳು ಕಲ್ತಿದೀನಿ. ಬಯ್ಯೋಕೆ ಒಂದು ಬಾಯಿ ಸಾಲ್ತಿರಲಿಲ್ಲ, ಈಗ ಹೆಬ್ಬೆಟ್ಟೂ ಸೇರ್ಕಂಡೈತೆ. ಕೇಳಿ.

ಆಗ ಮಹಾರಾಜರ ಕಾಲ. ಯುದ್ಧ ಆಗತಾನೆ ಮುಗಿದಿತ್ತು. ನಂಗೆ ಹನ್ನೊಂದು ವರ್ಷ. ಮಧುಗಿರೀಲಿ ಬೆಟ್ಟದ ಬುಡಕ್ಕೇ ನಮ್ಮನೆ, ಅಪ್ಪಂದು ಜವಳಿ ಅಂಗಡಿ. ನಮ್ಮಜ್ಜಿ ಅಂದ್ರೆ ನಾಕು ತಾಲ್ಲೂಕಿಗೂ ಗೊತ್ತು, ಯಾಕಂದ್ರೆ ಸಂಬಂಧ ಕುದುರಿಸೋದ್ರಲ್ಲಿ ಅವ್ಳನ್ನ ಮೀರಿಸೋರಿರಲಿಲ್ಲ. ಹೆಣ್ಣಿನ ಕಡೆಯೋರು ಗಂಡಿನ ಮನೆ ನೋಡೋಕೆ ಹೋಗೋವಾಗ ಅಜ್ಜಿ ಇಲ್ದೆ ಗಾಡಿ ಹೊರಡ್ತಿರಲಿಲ್ಲ. ಅಜ್ಜಿ ಹಿಂದೆ ಬಾಲದಂಗೆ ನಾನು. ಹೋದ ಮನೇಲಿ ಅಜ್ಜಿ ಮೊದ್ಲು ಹಿತ್ತಲು ನೋಡೋಳು. ಆಮೇಲೆ ಬಾಯಾರಿಕೆ ಅಂತ ನೀರು ಕೇಳಿ, ಚೊಂಬಿನ ಒಳಗೆ ಇಣುಕೋಳು. ಹೊರಗೆ ಎಲ್ರೂ ಬೆಳಗ್ತಾರೆ, ಒಳಗೆ ಬೆಳಗೋರು ಯಾರು ಅಂತ ನೋಡ್ಬೇಕಂತೆ! ಗಾಡೀಲಿ ವಾಪಸ್ ಬರೋವಾಗ ನಂಗೆ ಪಾಠ ನಡೀತಿತ್ತು.

"ನೋಡೇ ಗಂಗಿ, ಅವ್ರ ಮನೇದು ಎಲ್ಲಾ ಕೇಳ್ಕಬೇಕು. ನಮ್ಮ ಹೆಣ್ಣಿನ ಐಬು ಮಾತ್ರ ನಾವಾಗಿ ಹೇಳಬಾರ್ದು. ಕೇಳಿದ್ದಕ್ಕೆ ಉತ್ತರ, ಅಷ್ಟೇ."

ಈ ವಿದ್ಯೆ ಎಲ್ಲಾ ನಂಗೆ ಬಂದ್ಬುಟ್ಟೈತೆ ಅಂತ ತಿಳ್ಕಂಡಿದ್ದೆ. ಹನ್ನೊಂದು ವರ್ಷಕ್ಕೆ!

ಕಾರ್ತಿಕ ಮಾಸ, ಕಡ್ಲೆಕಾಯಿ ಸುಗ್ಗಿ. ಪಾವಗಡದ ಕಡೆಯಿಂದ ಕಡ್ಲೆಕಾಯಿ ಗಾಡಿಗಳು ಸಾಲಾಗಿ ಬರೋವು. ಅಂಥ ಒಂದು ಗಾಡಿ ಹಿಂದೆ ಬಂದಿದ್ದು ಕೆಂಪಿ. ಕೆಂಪು ಮೈ, ಒಂದು ಕಿವಿ ಅರ್ಧ, ಹೆಣ್ಣುನಾಯಿ. ಗಾಡಿ ಹೋಯ್ತು, ನಾಯಿ ನಮ್ಮ ಜಗಲಿ ಹತ್ರ ಉಳ್ಕಂತು. ಯಾಕೆ ಅಂದ್ರೆ ನನ್ನ ಲಂಗದ ಮಡಿಲಲ್ಲಿ ಒಂದು ಸೇರು ಹಸಿ ಕಡ್ಲೆಕಾಯಿ ಇತ್ತು. ಆ ನಾಯಿ ಬಂದು ಪಕ್ಕದಲ್ಲಿ ಕೂತು, ಕಾಯಿ ಕಚ್ಚಿ, ಸಿಪ್ಪೆ ಉಗಿದು, ಬೀಜ ಮಾತ್ರ ತಿಂತು! ನಮ್ಮಪ್ಪನೇ ಅಷ್ಟು ನಾಜೂಕಾಗಿ ತಿಂತಿರಲಿಲ್ಲ. ಅರ್ಧ ಸೇರು ಖಾಲಿ! ನಾನು ಆವತ್ತೇ ಅದಕ್ಕೆ ಮನಸ್ಸು ಕೊಟ್ಬುಟ್ಟೆ.

ಅದೇ ಸಾಯಂಕಾಲ ಡಂಗುರ ಸಾರ್ಕಂಡು ಬಂದ್ರು. ಬರೋ ಸೋಮವಾರ ದಿಕ್ಕಿಲ್ಲದ ನಾಯಿಗಳನ್ನೆಲ್ಲ ಹಿಡ್ದು ಕೊಲ್ತಾರಂತೆ. ಸಾಕಿದೋರಿದ್ರೆ ಕತ್ತಿಗೆ ಪಟ್ಟಿ ಕಟ್ಟಿ, ಇದು ನಮ್ದು ಅಂತ ಮುಂದೆ ಬಂದು ಹೇಳ್ಬೇಕಂತೆ.

"ಅಪ್ಪ, ನಮ್ದು ಅಂತ ಹೇಳು!"

"ಲಿಂಗಪೂಜೆ ಮಾಡೋ ಮನೇಲಿ ನಾಯಿನ ಓಡಾಡಿಸ್ಲಾ? ಆಗಲ್ಲ."

ಗೋಳೋ ಅಂತ ಅತ್ತೆ. ಊಟ ಬುಟ್ಟೆ. ಎರಡನೇ ಹೊತ್ತಿಗೆ ಹಸಿವಾಗಿ ಊಟ ಮಾಡಿ ಮತ್ತೆ ಅತ್ತೆ. ಕಡೆಗೆ ಅಜ್ಜಿಯೇ ತೀರ್ಮಾನ ಕೊಟ್ಲು. "ಸೋಮವಾರದ ಗಂಟ ಹಿತ್ತಲಲ್ಲಿ ಇರ್ಲಿ. ಅಷ್ಟರಲ್ಲಿ ಬೇರೆ ಮನೆ ಹುಡುಕಿ ದಾಟಿಸ್ಬುಡು. ಸಿಗ್ಲಿಲ್ವಾ, ಅದರ ಹಣೇಲಿ ಬರೆದಂಗೆ ಆಯ್ತದೆ."

ಎಂಟು ದಿನ! ಮೂವತ್ತು ಮದುವೆ ಮಾಡಿಸಿದ ಅಜ್ಜಿ ಮೊಮ್ಮಗಳಿಗೆ ಒಂದು ನಾಯಿಗೆ ಮನೆ ನೋಡೋದು ಯಾವ ದೊಡ್ಡ ವಿಷ್ಯ ಅಂದ್ಕಂಡೆ.

ಮೊದಲ್ನೇ ಸಂಬಂಧ ಕೊಳಾಲದ್ದು. ನಮ್ಮವ್ವನ ಅಣ್ಣ, ನಮ್ಮಾವ, ಸಂತೆಗೆ ಗಾಡಿ ಕಟ್ಕಂಡು ಬಂದಿದ್ದ. ಬಾವಿ ಹತ್ರ ಕೆಂಪಿನ ತಿಕ್ಕಿ ತೊಳ್ದು, ಚೆಂಡುಹೂವಿನ ಹಾರ ಹಾಕಿ, ಹಣೆಗೆ ವಿಭೂತಿ ಬಳ್ದು ನಿಲ್ಲಿಸ್ದೆ. ಅಪ್ಪ ನೋಡಿ ತಲೆಮೇಲೆ ಮೊಟಕಿದ. ಆದ್ರೂ ಮಾವ ನಕ್ಕ.

"ಹೊಲ ಕಾಯ್ತದೇನೇ ಗಂಗಿ?"

"ಬೆಳಿಗ್ಗೆ ಹೋದ್ರೆ ಸಂಜೆ ಗಂಟ ಹೊಲ ಬುಟ್ಟು ಕದಲಲ್ಲ ಮಾವ!"

ಇದ್ರಲ್ಲಿ ಸುಳ್ಳೇನೈತೆ? ಹೊಲದಲ್ಲಿ ಏನು ಮಾಡ್ತದೆ ಅಂತ ಮಾವ ಕೇಳ್ಲಿಲ್ಲ. ನಾನು ಹೇಳ್ಲಿಲ್ಲ.

ಮೂರನೇ ದಿನಕ್ಕೆ ಮಾವ ಗಾಡಿ ತಂದು ನಿಲ್ಲಿಸ್ದ. ಹಿಂದುಗಡೆ ಕೆಂಪಿ, ಹೊಟ್ಟೆ ಅಂದ್ರೆ ಡೋಲು!

"ಏನವ್ವ ನಿನ್ನ ನಾಯಿ! ನಾನು ಕೀಳೋ ಮೊದ್ಲೇ ಎರಡು ಸಾಲು ಕಡ್ಲೆಗಿಡ ಕಿತ್ತೈತೆ. ನಮ್ಮ ಕೂಲಿಯೋರು ಒಂದೊಂದು ಕಾಯಿ ಮಣ್ಣಲ್ಲಿ ಬುಡ್ತಾರೆ, ಇದು ಒಂದನ್ನೂ ಬುಟ್ಟಿಲ್ಲ!"

"ಕಳ್ಳ ಬಂದಾಗ ಬೊಗಳ್ತಾ ಮಾವ?"

"ಕಳ್ಳನೇ ಅದಾದ್ರೆ ಯಾರನ್ನ ನೋಡಿ ಬೊಗಳ್ತದೆ ಕಣೇ!"

ನಂಗೆ ಮಾವನ ಮೇಲೆ ಎಂಥಾ ಸಿಟ್ಟು ಬಂತು ಅಂದ್ರೆ! ಎರಡು ಸಾಲಿಗೆ ಹಿಂಗಾಡೋದಾ? ಹೊಲದಲ್ಲಿ ಇನ್ನೂ ಎಷ್ಟೊಂದು ಸಾಲು ಇರಲಿಲ್ವಾ!

ಶುಕ್ರವಾರ ಆಗೋಗಿತ್ತು. ಶನಿವಾರ ಅಜ್ಜಿ, ಅಪ್ಪ, ನಾನು ಶಿರಾಕ್ಕೆ ಹೊರಟ್ವಿ. ಅಪ್ಪನ ತಂಗಿ, ನಮ್ಮ ಪುಟ್ಟತ್ತೆಗೆ ಅಲ್ಲಿ ಒಂದು ದೊಡ್ಡ ಸಂಬಂಧ ಬಂದಿತ್ತು. ಗಂಡಿನ ಮನೆಯೋರು ಕಡ್ಲೆಕಾಯಿ ಮಂಡಿ ಸಾಹುಕಾರ್ರು. ನಾವು ಮನೆ ನೋಡಿ ಒಪ್ಪಿದ್ರೆ ವೀಳ್ಯ ಬದಲಾಯಿಸೋದು ಅಂತ ಮಾತಾಗಿತ್ತು. ಅಜ್ಜಿಗೆ ಎಷ್ಟು ನಂಬಿಕೆ ಅಂದ್ರೆ, ಸೋಮವಾರ ಬಂದು ಪುಟ್ಟತ್ತೆಗೆ ಬಳೆ ತೊಡಿಸು ಅಂತ ಬಳೆಗಾರ್ತಿ ನರಸಕ್ಕನಿಗೆ ಹೇಳಿ ಕಳಿಸಿದ್ಲು! ಬಸ್ಸು ಆಗ ಇದ್ದಿಲಲ್ಲಿ ಓಡೋದು, ಎಲ್ಲಿ ಕೆಟ್ಟು ನಿಲ್ತದೋ ಅಂತ ಅಪ್ಪ ಕಮಾನು ಗಾಡಿ ಕಟ್ಟಿಸ್ದ.

ಊರು ದಾಟಿ ತಿರುಗಿ ನೋಡ್ತೀನಿ, ಗಾಡಿ ಹಿಂದೆ ಕೆಂಪಿ! ಅಪ್ಪ ಬೈದ, ಕಲ್ಲು ಬೀರ್ದ, ಇಳ್ದು ಅಟ್ಟಿಸ್ಕಂಡೂ ಹೋದ. ಅದು ನಾಕು ಮಾರು ಹಿಂದಕ್ಕೆ ಹೋಗಿ, ಗಾಡಿ ಚಕ್ರ ಉರುಳ್ತಿದ್ದಂಗೆ ಮತ್ತೆ ಹಿಂದೇನೇ. ಹತ್ತು ಹರಿದಾರಿ ನಡೀತು. ಒಂದು ಸಲ ಕುಂಟ್ಲಿಲ್ಲ, ಒಂದು ಸಲ ಕೂರ್ಲಿಲ್ಲ. ನಂಟರ ಮನೇಲಿ ತಂಗಿದ್ದು, ಭಾನುವಾರ ಬೆಳಿಗ್ಗೆ ಸಾಹುಕಾರ್ರ ಮನೆ ಮುಂದೆ ಗಾಡಿ ನಿಂತಾಗ ಗಾಡಿ ಕೆಳಗೆ ಅದೂ ನಿಂತಿತ್ತು.

ಗಂಡಿನ ತಾಯಿ ನೋಡಿ ಮೂಗು ಮುರಿದ್ಲು. "ಇದ್ಯಾರ ನಾಯಿ?"

ಅಪ್ಪ ಗೊತ್ತಿಲ್ಲ ಅನ್ನೋಕೆ ಬಾಯಿ ತೆಗೆದಿದ್ದ. ನಾನು ಬುಟ್ರೆ ತಾನೆ!

"ನಮ್ದೇ ಕಣಮ್ಮೋ! ನಿಮಗೇ ಅಂತ ತಂದಿದೀವಿ!"

ಸಾಹುಕಾರ್ರ ಮುಖ ಅರಳ್ತು. "ಪರವಾಗಿಲ್ಲ, ಮಂಡಿಗೆ ಒಂದು ನಾಯಿ ಬೇಕಿತ್ತು. ಮೂಟೆ ಹತ್ರ ಇರ್ತದೇನಮ್ಮ ಮಗ?"

"ಕಡ್ಲೆಕಾಯಿ ಮೂಟೆ ಬುಟ್ಟು ಒಂದು ಹೆಜ್ಜೆ ಆಚೆ ಇಡಲ್ಲ!"

ಎಷ್ಟು ಸತ್ಯವಾದ ಮಾತು! ಅಜ್ಜಿ ನನ್ನ ಕಡೆ ನೋಡಿ, ಭೇಷ್ ಅನ್ನೋಂಗೆ ತಲೆ ಆಡಿಸಿದ್ಲು. ಪಾಪ, ಅವ್ಳಿಗೂ ಕೆಂಪಿ ಐಬು ಗೊತ್ತಿರಲಿಲ್ಲ. ಕೊಳಾಲದ ಮಾವ ಬಂದಾಗ ಅವ್ಳು ದೇವಸ್ಥಾನದಲ್ಲಿದ್ಲು.

ಅಜ್ಜಿ ಹಿತ್ತಲು ನೋಡಿದ್ಲು. ಚೊಂಬು ನೋಡಿದ್ಲು. ಎಲ್ಲಾ ಒಪ್ಪಿಗೆ. ಜಮಖಾನ ಹಾಸಿ, ನಡುವೆ ತಟ್ಟೇಲಿ ವೀಳ್ಯದೆಲೆ, ಅಡಿಕೆ, ಹೂವು ಇಟ್ರು. ಅಪ್ಪ ತಟ್ಟೆಗೆ ಕೈ ಇಕ್ಕಬೇಕು, ಅಷ್ಟರಲ್ಲಿ ಮಂಡಿ ಹಮಾಲಿ ಬುಡೇನ್ ಸಾಬ ಬಾಗ್ಲಲ್ಲಿ ಬಂದು ನಿಂತ. ಕಂಕುಳಲ್ಲಿ ಕೆಂಪಿ.

"ಅರೇ ಸಾಹುಕಾರ್, ಕ್ಯಾ ಚೌಕಿದಾರ್ ಇಟ್ರಿ! ಮೂರು ಮೂಟೆ ಹರಿದು, ಒಂದ್ರ ಒಳಗೆ ಹೊಕ್ಕಂಡು ಕೂತಿತ್ತು. ಬಾಲ ಹಿಡ್ದು ಎಳ್ದು ತಂದೀನಿ!"

ಅಂದು ಕೆಳಗೆ ಬುಟ್ಟ. ಕೆಂಪಿ ನನ್ನ ಹುಡುಕ್ಕಂಡು ನೇರ ಜಮಖಾನದ ಮೇಲೆ ಬಂತು. ಬಂದು, ಒಂದು ಸಲ ಮೈ ಕುಣಿಸಿ, ವೀಳ್ಯದ ತಟ್ಟೆ ಪಕ್ಕದಲ್ಲೇ ಅಷ್ಟೂ ಕಡ್ಲೆಬೀಜ ಕಾರ್ಕಂಬುಡ್ತು!

ಗಂಡಿನ ತಾಯಿ ನನ್ನ ಕೈ ಹಿಡ್ಕಂಡು, ಬೆಲ್ಲದಂಥ ದನೀಲಿ ಕೇಳಿದ್ಲು.

"ಇದು ಕಡ್ಲೆಕಾಯಿ ತಿಂತದೆ ಅಂತ ನಿಂಗೆ ಮೊದ್ಲೇ ಗೊತ್ತಿತ್ತಾ ಮಗ?"

"ಗೊತ್ತಿತ್ತು."

"ಮತ್ತೆ ಯಾಕೆ ಹೇಳ್ಲಿಲ್ಲ?"

"ನಮ್ಮ ಐಬು ನಾವಾಗಿ ಹೇಳಬಾರ್ದು ಅಂತ ನಮ್ಮಜ್ಜಿ ಹೇಳ್ಕೊಟ್ಟವ್ಳೆ!"

ಅಜ್ಜಿ ಮುಖ ನೋಡ್ಬೇಕಿತ್ತು. ಹಣೆ ಮೇಲಿನ ವಿಭೂತಿಗೂ ಮುಖಕ್ಕೂ ಬಣ್ಣದಲ್ಲಿ ವ್ಯತ್ಯಾಸ ಇರಲಿಲ್ಲ.

"ಓಹೋ!" ಅಂದ್ಲು ಗಂಡಿನ ಮನೆ ಮಹಾತಾಯಿ. "ನಾಯಿ ವಿಷ್ಯದಲ್ಲೇ ಇಷ್ಟು ಮುಚ್ಚಿಟ್ಟೋರು, ಹೆಣ್ಣಿನ ವಿಷ್ಯದಲ್ಲಿ ಇನ್ನೆಷ್ಟು ಮುಚ್ಚಿಟ್ಟೀರಿ?"

ಹೋಗ್ತಿರೋ ಮಾನ ಉಳಿಸ್ಬೇಕು ಅಂತ ನಂಗೆ ಆವೇಶ ಬಂತು. ಎದ್ದು ನಿಂತು ಹೇಳ್ದೆ.

"ನಮ್ಮ ಪುಟ್ಟತ್ತೆಗೆ ಐಬು ಅನ್ನೋದೇ ಇಲ್ಲ ಕಣಮ್ಮೋ! ಗೊರಕೆ ಒಂದು ಬುಟ್ರೆ!"

ಸಂಬಂಧ ಅಲ್ಲಿಗೇ ಮುರಿದು, ಹತ್ತು ಹರಿದಾರಿ ವಾಪಸ್ ಗಾಡಿ ಹೊಡ್ಕಂಡು ಬಂದ್ವಿ. ಚಕ್ರದ ಸದ್ದು, ಎತ್ತಿನ ಗಂಟೆ, ಗಾಡಿ ಹಿಂದೆ ನಾಕು ಕಾಲಿನ ಟಪಟಪ. ಅಷ್ಟೇ. ಒಬ್ಬೊಬ್ರನ್ನೂ ಮನಸ್ಸಲ್ಲೇ ಬಯ್ಕಂಡು ಬಂದೆ. ಸಾಹುಕಾರ್ರು ಜಿಪುಣ್ರು! ಬುಡೇನ್ ಸಾಬ ಚಾಡಿಕೋರ! ಆ ಕೆಂಪಿ, ಹೊಟ್ಟೆಬಾಕ! ನನ್ನ ಹೆಸರು ಆ ಪಟ್ಟೀಲಿ ಬರೋಕೆ ಎಪ್ಪತ್ತೊಂಬತ್ತು ವರ್ಷ ಹಿಡೀತು.

ಸೋಮವಾರ ಬೆಳಿಗ್ಗೆ ಎದ್ದಾಗ ಕೆಳಗಿನ ಬೀದೀಲಿ ನಾಯಿಗಳು ಕಿರುಚೋದು ಕೇಳ್ತಿತ್ತು. ಲಂಗದ ಕೆಳಗೆ ಕೆಂಪಿನ ಮುಚ್ಚಿಟ್ಕಂಡು ಜಗಲಿ ಮೇಲೆ ಕೂತೆ. ಅದು ಲಂಗದ ಮಡಿಲು ಮೂಸ್ತಿತ್ತು. ಕಡ್ಲೆಕಾಯಿ ಐತಾ ಅಂತ! ಸಾಯೋ ಹೊತ್ತಲ್ಲೂ!

ಆಗ ಬಂದ್ಲು ನರಸಕ್ಕ. ದಾರಕ್ಕೆ ಪೋಣಿಸಿದ ಬಳೆ ಮಲಾರ ಹೆಗಲಿಗೆ ಹಾಕ್ಕಂಡು, ಪುಟ್ಟತ್ತೆಗೆ ಬಳೆ ತೊಡಿಸೋಕೆ! ಅಜ್ಜಿ ಒಳಗಿಂದ "ಇವತ್ತಿಲ್ಲ ಹೋಗು" ಅಂತ ಕೂಗಿ ಬಾಗ್ಲು ದಬ್ ಅಂತ ಹಾಕಿದ್ಲು. ನರಸಕ್ಕ ಪಾವಗಡದ ಕಡೆಯೋಳು, ತೆಲುಗು ಬೆರೆಸಿ ಮಾತಾಡೋಳು. ಉಸ್ಸಂತ ನನ್ನ ಪಕ್ಕ ಕೂತ್ಲು.

"ಏಮ್ಮಾ ಗಂಗಿ, ಯಾಕಂಗೆ ಮುಖ ಊದಿಸ್ಕಂಡಿದೀಯ?"

ಎಲ್ಲಾ ಹೇಳ್ದೆ. ಅವ್ಳು ಕೆಂಪಿ ಕಡೆ ನೋಡಿ "ಐಬೇನು ಇದರದ್ದು?" ಅಂದ್ಲು.

ನಂಗೆ ತಲೆ ಕೆಟ್ಟೋಗಿತ್ತು. ಕೇಳ್ದವ್ಳ ಮೇಲೇ ಎಗರಿಬಿದ್ದೆ. "ಐಬಾ? ಬರೀ ಐಬೇ! ಕಡ್ಲೆಕಾಯಿ ಕದೀತದೆ! ಬೊಗಳಲ್ಲ! ಅರ್ಧ ಕಿವಿ! ಒಂದು ಕಡೆ ನಿಲ್ಲಲ್ಲ, ಯಾರು ಹೊರಟ್ರೂ ಹಿಂದೆ ಹೊರಡ್ತದೆ! ಶಿರಾ ಗಂಟ ನಡ್ಕಂಡು ಬಂತು! ಸಾಕಾ?"

ನರಸಕ್ಕ ಮಲಾರ ಕೆಳಗಿಟ್ಲು. "ಬೊಗಳಲ್ವಾ? ನಿಜವಾಗ್ಲೂ? ನಾನು ಬಳೆ ಹೊತ್ತು ಊರೂರು ತಿರುಗೋಳು. ಊರ ನಾಯಿ ಮೇಲೆ ಬಿದ್ರೆ ನನ್ನ ಬಳೆ ಪುಡಿಪುಡಿ. ಜೊತೆಗೆ ಒಂದು ನಾಯಿ ಇಟ್ಕಂಡೆ, ಅದು ಬೊಗಳಿ ಬೊಗಳಿ ಬಳೆ ತೊಡೋಕೆ ಬಂದ ಹೆಣ್ಣುಮಕ್ಕಳನ್ನೇ ಓಡಿಸ್ತು. ಬೊಗಳದೆ, ದಣಿಯದೆ, ಹಿಂದೆ ಬರೋ ನಾಯಿನ ಎಷ್ಟು ದಿನದಿಂದ ಹುಡುಕ್ತಿದೀನಿ!" ಅಂದು ಕೈ ಚಾಚಿ "ರಾವೇ!" ಅಂದ್ಲು. ಎಂಟು ದಿನ ನಾನು "ಬಾ, ಬಾ" ಅಂತ ಗಂಟಲು ಹರ್ಕಂಡ್ರೂ ಬಾಲ ಆಡಿಸದ ಆ ಪಾವಗಡದ ನಾಯಿ, ತೆಲುಗು ಕೇಳಿದ್ದೇ ಎದ್ದು ಹೋಗಿ ಅವ್ಳ ಕಾಲ ಬಳಿ ಕೂತ್ಕಂತು!

ನಾಯಿ ಹಿಡಿಯೋನು ನಮ್ಮ ಬೀದಿಗೆ ತಿರುಗ್ದ. ನರಸಕ್ಕ ಗಾಬರಿ ಆಗ್ಲಿಲ್ಲ. ಮಲಾರದ ದಾರ ಒಂದು ಗೇಣು ಕಿತ್ತು, ಒಂದು ಹಸಿರು ಬಳೆ ಪೋಣಿಸಿ, ಕೆಂಪಿ ಕತ್ತಿಗೆ ಕಟ್ಟಿದ್ಲು.

"ಯಾರದು ಈ ನಾಯಿ?" ಅಂದ ಅವನು.

"ನಾದಿ ಲೇ! ನಂದು! ಪಟ್ಟಿ ಕಾಣಲ್ವಾ? ನಡಿ, ನಡಿ!"

ಅವನು ಹೋದ. ನಾನು ಗಳಗಳ ಅತ್ತೆ. ಅಲ್ಲಿಗೆ ಕಣ್ಣು ಒರೆಸ್ಕಂಡು ಸುಮ್ನಿದ್ದಿದ್ರೆ ಮರ್ಯಾದೆ ಉಳೀತಿತ್ತು. ಆದ್ರೆ ನಾನು ಅಜ್ಜಿ ಮೊಮ್ಮಗಳು! ನರಸಕ್ಕ ಮಲಾರ ಹೆಗಲಿಗೇರಿಸಿ ಮಿಡಿಗೇಶಿ ದಾರಿಗೆ ಹೊರಟಾಗ, ಓಡಿಹೋಗಿ ಅಡ್ಡ ನಿಂತೆ.

"ನಿಲ್ಲು ನರಸಕ್ಕ! ಮನೆ ನೋಡ್ದೆ ಹೆಂಗೆ ಕಳಿಸೋದು? ನಿಮ್ಮ ಹಿತ್ತಲು ಹೆಂಗೈತೆ? ಚೊಂಬು ಒಳಗಡೆ ಬೆಳಗ್ತೀಯಾ ಇಲ್ವಾ?"

ನರಸಕ್ಕ ನಿಂತು, ನನ್ನನ್ನ ಮೇಲಿಂದ ಕೆಳಗೆ ನೋಡಿದ್ಲು. ಕೆಂಪಿನೂ ನೋಡ್ತು.

"ನಾಯಿ ಚಿಂತೆ ಬುಡಮ್ಮ. ಅದು ಬರೀ ತಿಂತದೆ. ನೀನು ತಿಂತೀಯ, ಬೊಗಳ್ತೀಯ, ಮನೆಯೊಳಗಿನ ಗೊರಕೇನೂ ಶಿರಾದಲ್ಲಿ ಹರಾಜು ಹಾಕ್ತೀಯ. ಮುಂದೆ ನಿಂಗೂ ಒಂದು ಮನೆ ನೋಡ್ತಾರಲ್ಲ, ಆವತ್ತು ಬಳೆ ತೊಡಿಸೋಕೆ ನನ್ನ ಮಾತ್ರ ಕರೀಬ್ಯಾಡಿ ಅಂತ ನಿಮ್ಮಜ್ಜಿಗೆ ಹೇಳು. ಅಷ್ಟೊಂದು ಐಬು ಬಳೇಲಿ ಮುಚ್ಚೋಕೆ ನನ್ನ ಕೈಲಾಗಲ್ಲ ತಾಯಿ!"